ಕಡಲಾಮೆಗೆ ದಾರಿ ಬಿಡಿ

ತಮಾ, ತಂಗೀ, ಪರೀಕ್ಷೆ ಮುಗಿಯಿತು. ಇನ್ನು ನಿಮ್ಮನ್ನು ಮನೆಯೊಳಗೆ ಹಿಡಿದಿಡಲು ಯಾರಿಂದಲೂ ಆಗದು. ಹೊನ್ನಾವರದ ಮಾವಿನಕುರ್ವೆಯವರು ಶರಾವತಿ ದಾಟಿ ಕಾಸರಕೋಡಿನ ಟೊಂಕದ ಕಡೆ ಹೋಗುತ್ತೀರಿ, ಭಟ್ಕಳದ ಮಾವಿನಕುರ್ವೆಯವರು ಬಂದರದ ಬದಿಯ ಮರಳಿಗೆ ಇಳಿಯುತ್ತೀರಿ. ಬೆಂಗಳೂರು, ಹುಬ್ಬಳ್ಳಿಯಿಂದ ರಜೆಗೆ ಬಂದ ನೆಂಟರ ಮಕ್ಕಳು ನಿಮ್ಮ ಬೆನ್ನಿಗೇ ಇರುತ್ತಾರೆ. ಹೋಗಿ, ಮನಸ್ಸು ತುಂಬುವಷ್ಟು ಆಡಿ. ಕಡಲ ದಂಡೆಯಲ್ಲಿ ಹುಟ್ಟಿದ ಮಕ್ಕಳು ಬೇಸಿಗೆ ರಜೆಯಲ್ಲಿ ಮೊಬೈಲ್ ಹಿಡಿದು ಕೂತರೆ ನನಗೆ ಸಂಕಟವಾಗುತ್ತದೆ. ಆದರೆ ನೀವು ಓಡಾಡುವ ಅದೇ ಮರಳಿನ ಅಡಿಯಲ್ಲಿ ಈ ತಿಂಗಳುಗಳಲ್ಲಿ ಕಡಲಾಮೆಯ ಮೊಟ್ಟೆಗಳಿರುತ್ತವೆ. ಆ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊಂಡು ಹೊರಡಿ.

ನಮ್ಮ ದಡಕ್ಕೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಜಾತಿಯ ಆಮೆ. ಚಿಪ್ಪು ಎರಡು ಅಡಿಗಿಂತ ತುಸು ಉದ್ದ, ತೂಕ 40 ಕಿಲೋ ಆಸುಪಾಸು. ಒಡಿಶಾದ ಗಹಿರ್‌ಮಠ, ಋಷಿಕುಲ್ಯಗಳಲ್ಲಿ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಆಮೆಗಳು ದಡ ಏರುತ್ತವೆ ಎಂದು ಓದಿರುತ್ತೀರಿ. ಇಲ್ಲಿ ಹಾಗಿಲ್ಲ. ಇಲ್ಲಿಗೆ ಬರುವುದು ಒಂಟಿ ತಾಯಿ, ಅದೂ ರಾತ್ರಿ, ಚಳಿಗಾಲದಿಂದ ಬೇಸಿಗೆಯ ಮೊದಲ ಪಾದದವರೆಗೆ. ಒಂದು ಗೂಡು ಹಾಳಾದರೆ ಆ ನಷ್ಟ ತುಂಬಲು ಪಕ್ಕದಲ್ಲಿ ಇನ್ನೊಂದು ಇರುವುದಿಲ್ಲ.

ಅದು ಗೂಡು ಮಾಡುವ ಬಗೆಯನ್ನು ತಿಳಿದುಕೊಳ್ಳಿ. ಉಬ್ಬರದ ಗೆರೆ ದಾಟಿ, ಅಡಂಬು ಬಳ್ಳಿ ಹಬ್ಬಿರುವ ಒಣ ಮರಳಿನವರೆಗೆ ಮೈಯನ್ನು ಎಳೆದುಕೊಂಡು ಬರುತ್ತದೆ. ನೀರಿನಲ್ಲಿ ಅಷ್ಟು ಹಗುರಾಗಿ ಈಜುವ ಪ್ರಾಣಿ ನೆಲದ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುತ್ತದೆ. ಜಾಗ ಒಪ್ಪಿಗೆಯಾದರೆ ಹಿಂಗಾಲುಗಳಿಂದ ತೋಡಲು ಶುರು. ತಿರುಗಿ ನೋಡುವುದಿಲ್ಲ, ನೋಡಲು ಆಗುವುದೂ ಇಲ್ಲ. ಒಂದು ಕಾಲು ಬೊಗಸೆಯ ಹಾಗೆ ಮಡಚಿ ಮರಳನ್ನು ಎತ್ತಿ ಅಂಚಿನಲ್ಲಿ ಹಾಕುತ್ತದೆ, ಮತ್ತೊಂದು ಕಾಲು ಅಂಚಿನ ಮರಳನ್ನು ಚಿಮ್ಮಿ ದೂರ ಮಾಡುತ್ತದೆ, ಆಮೇಲೆ ಸರದಿ ಬದಲು. ಒಂದೂವರೆ ಅಡಿ ಆಳದ ಹೊಂಡ ಸಿದ್ಧವಾದಾಗ ಬಾಯಿ ಕಿರಿದು, ತಳ ಅಗಲ, ಥೇಟ್ ತಂಬಿಗೆಯ ಆಕಾರ. ಅದರೊಳಗೆ ನೂರು, ನೂರಿಪ್ಪತ್ತು ಬಿಳಿ ಮೊಟ್ಟೆ. ಸಿಪ್ಪೆ ಗಟ್ಟಿಯಲ್ಲ, ತೊಗಲಿನ ಹಾಗೆ ಮೆತ್ತಗೆ, ಬಿದ್ದರೂ ಒಡೆಯುವುದಿಲ್ಲ. ಮುಚ್ಚಿದ ಮೇಲೆ ಎಡಕ್ಕೂ ಬಲಕ್ಕೂ ಓಲಾಡುತ್ತ ಚಿಪ್ಪಿನ ಅಡಿಯಿಂದ ಮರಳನ್ನು ದಬದಬ ಗುದ್ದಿ ಗಟ್ಟಿ ಮಾಡುತ್ತದೆ. ಆ ಹೊತ್ತಿಗೆ ಅದರ ಕಣ್ಣಿಂದ ನೀರು ಇಳಿಯುತ್ತಿರುತ್ತದೆ. ದೇಹದಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಕ್ರಮ ಅದು, ಆದರೂ ನೋಡುವವರ ಕರುಳು ಚುರ್ರೆನ್ನದೆ ಇರದು. ಸುಮಾರು ಒಂದು ತಾಸಿನಲ್ಲಿ ಎಲ್ಲ ಮುಗಿಸಿ ಕಡಲಿಗೆ ಇಳಿದರೆ ಆ ಗೂಡಿನ ಕಡೆ ಮತ್ತೆ ಬರುವುದಿಲ್ಲ. ಅಲ್ಲಿಂದಾಚೆ 45ರಿಂದ 60 ದಿನ ಆ ಮೊಟ್ಟೆಗಳನ್ನು ಕಾಯುವುದು ಬರೀ ಮರಳು. ಮಾರ್ಚಿನಲ್ಲಿ ಇಟ್ಟದ್ದು ಮೇ ಹೊತ್ತಿಗೆ ಮರಿಯಾಗುತ್ತದೆ. ನಿಮ್ಮ ರಜೆ, ಅವುಗಳ ಹೊರಡುವ ಕಾಲ, ಎರಡೂ ಒಂದೇ ಆಗಿಬಿಡುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ. ಈಗಿನ ಮಕ್ಕಳು ಆಮೆಗೆ ಕೆಡುಕು ಮಾಡುವವರಲ್ಲ. ಹಿಂದೆ ಮೊಟ್ಟೆ ಅಗೆದು ತಿನ್ನುವವರು, ಮಾರುವವರು ಕರಾವಳಿಯಲ್ಲಿ ಇದ್ದರು. ಇಂದು ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ಮೊದಲ ಅನುಸೂಚಿಯಲ್ಲಿ ಈ ಆಮೆ ಇದೆ, ಮೊಟ್ಟೆ ಮುಟ್ಟಿದರೂ ಜೈಲು. ನಿಮ್ಮಿಂದ ನನಗಿರುವ ಭಯ ಬೇರೆ. ನಿಮ್ಮದು ಆತುರದ ಪ್ರೀತಿ. ಗೂಡು ಕಂಡರೆ ಅಗೆದು ನೋಡುವ ಆಸೆ, ಮೊಟ್ಟೆಯನ್ನು ಸುರಕ್ಷಿತ ಜಾಗಕ್ಕೆ ಒಯ್ಯುವ ಉಮೇದು, ಮರಿಯನ್ನು ಅಂಗೈ ಮೇಲಿಟ್ಟು ಫೋಟೊ ತೆಗೆಯುವ ಹುಮ್ಮಸ್ಸು. ಮೊಟ್ಟೆ ಇಟ್ಟ ಕೆಲವು ತಾಸಿನಲ್ಲೇ ಒಳಗಿನ ಭ್ರೂಣ ಸಿಪ್ಪೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಮೊಟ್ಟೆಯನ್ನು ಹೊರಳಿಸಿದರೆ ಅದು ಸತ್ತಂತೆಯೇ. ಹೊರಗಿನಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಗೂಡನ್ನು ಬೇರೆಡೆಗೆ ಒಯ್ಯಲೇಬೇಕಾದರೆ ಅದನ್ನು ಕಲಿತ ಅರಣ್ಯ ಇಲಾಖೆಯವರು ಮಾಡುತ್ತಾರೆ. ಸಾಮಾನ್ಯವಾಗಿ ಇದ್ದಲ್ಲೇ ಬಲೆಯ ಬೇಲಿ ಹಾಕಿ ನಾಯಿ, ನರಿಯಿಂದ ಕಾಯುತ್ತಾರೆ.

ಮರಿಗಳ ವಿಚಾರವೂ ಹಾಗೆಯೇ. ಬಕೆಟ್ಟಿನಲ್ಲಿ ತುಂಬಿ ನೀರಿಗೆ ಸುರಿಯುವುದನ್ನು ದೊಡ್ಡ ಉಪಕಾರ ಎಂದು ಮಾಡುವವರನ್ನು ಕಂಡಿದ್ದೇನೆ. ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತದೆ. ಅಲೆ ದಾಟಿ ಆಳಕ್ಕೆ ಸೇರುವ ಮೊದಲ ಕೆಲವು ದಿನಗಳ ಈಜಿಗೆ ಬೇಕಾದ ಕಸುವು ಅದರಿಂದಲೇ ಬರಬೇಕು. ಬಕೆಟ್ಟಿನ ಗೋಡೆಗೆ ಕಾಲು ಬಡಿಯುತ್ತ ಆ ಕಸುವನ್ನು ಕಳೆದುಕೊಂಡರೆ ಮುಂದೆ ಅದಕ್ಕೆ ದಿಕ್ಕಿಲ್ಲ. ಹುಟ್ಟಿದ ದಂಡೆಯ ಭೂಕಾಂತದ ಗುರುತನ್ನು ಮರಿಗಳು ಆಗಲೇ ಮನಸ್ಸಿಗೆ ತೆಗೆದುಕೊಳ್ಳುತ್ತವೆ, ಹೆಣ್ಣಾದರೆ ದೊಡ್ಡದಾದ ಮೇಲೆ ಅದೇ ಪ್ರದೇಶಕ್ಕೆ ಮರಳುತ್ತವೆ ಎನ್ನುತ್ತಾರೆ ವಿಜ್ಞಾನಿಗಳು. ಸಾವಿರ ಮರಿಗಳಲ್ಲಿ ಒಂದು ಬೆಳೆದು ತಾಯಿಯಾದರೆ ಹೆಚ್ಚು ಎಂಬ ಅಂದಾಜಿದೆ. ಆದ್ದರಿಂದ ನಡೆಯುವಷ್ಟು ದೂರ ಅವು ತಾವಾಗಿಯೇ ನಡೆಯಲಿ. ನೀವು ಹಿಂದೆ ನಿಂತು, ಕಾಗೆ ಹದ್ದು ಎರಗದಂತೆ ನೋಡಿಕೊಂಡರೆ ಸಾಕು.

ಬೆಳಕಿನದೊಂದು ಕಷ್ಟ ಇದೆ. ಮರಿಗಳು ಹೆಚ್ಚಾಗಿ ರಾತ್ರಿ ಹೊರಬಿದ್ದು, ಯಾವ ಕಡೆ ಬಾನಂಚು ಬೆಳ್ಳಗೆ ಕಾಣುತ್ತದೋ ಅತ್ತ ಹೊರಡುತ್ತವೆ. ದೀಪಗಳಿಲ್ಲದ ಕಾಲದಲ್ಲಿ ಆ ಬೆಳ್ಳಗಿನ ದಿಕ್ಕು ಕಡಲಿನದೇ ಆಗಿತ್ತು. ಈಗ ರೆಸಾರ್ಟಿನ ಫೋಕಸ್ ಲೈಟು, ರಸ್ತೆಯ ಎಲ್‌ಇಡಿ, ನಿಮ್ಮ ಕ್ಯಾಂಪ್ ಫೈರ್ ಎಲ್ಲ ಒಳನಾಡಿನ ಕಡೆಯಿಂದ ಹೊಳೆಯುತ್ತವೆ. ಮರಿ ಬೆನ್ನು ತಿರುಗಿಸಿ ರಸ್ತೆಗೆ ಹೋಗುತ್ತದೆ, ಬೆಳಗಾದರೆ ಬಿಸಿಲಿಗೆ ಒಣಗುತ್ತದೆ. ತಾಯಿಯೂ ಅಷ್ಟೇ, ದಂಡೆಯಲ್ಲಿ ಟಾರ್ಚು ಆಡುವುದು ಕಂಡರೆ ಮೊಟ್ಟೆ ಇಡದೆ ವಾಪಸು ನೀರಿಗೆ ಇಳಿದುಬಿಡುತ್ತದೆ. ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ಅಪ್ಸರಕೊಂಡ–ಮುಗಳಿ ಕಡಲ ಪ್ರದೇಶವನ್ನು ರಾಜ್ಯದ ಮೊದಲ ಸಾಗರ ವನ್ಯಜೀವಿಧಾಮವಾಗಿ ಸರ್ಕಾರ ಆರಿಸಿತು. ಎರಡೂ ನಮ್ಮ ತಾಲೂಕಿಗೆ ಹೆಮ್ಮೆಯೇ. ಆದರೆ ಕತ್ತಲಿಲ್ಲದ ದಂಡೆಗೆ ಎಷ್ಟು ಬಿರುದು ಸಿಕ್ಕರೂ ಆಮೆಗೆ ಅದರಿಂದ ಪ್ರಯೋಜನವಿಲ್ಲ. ಸಂಜೆ ಆಟ ಮುಗಿದ ಮೇಲೆ ಮರಳಿನ ಗುಡ್ಡೆ ಕೆಡವಿ, ತೋಡಿದ ಹೊಂಡ ಮುಚ್ಚಿ, ಬೆಂಕಿ ಹಾಕದೆ ಮನೆಗೆ ಬನ್ನಿ. ಹೆಬ್ಬೆರಳಿನಷ್ಟು ಮರಿಗೆ ಮೊಣಕಾಲುದ್ದದ ಹೊಂಡ ಹತ್ತಿ ಬರಲಾಗದ ಬಾವಿ.

ಮರಳಿನ ಬಿಸಿಯ ಬಗ್ಗೆಯೂ ಒಂದು ಮಾತು. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣತೆ ನಿರ್ಧರಿಸುತ್ತದೆ. ಸುಮಾರು 29–30 ಡಿಗ್ರಿಗಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಬೇಸಿಗೆಯ ಬಿಸಿ ಬರಬರುತ್ತ ಏರುತ್ತಿದೆ. ಇದರ ಪರಿಹಾರ ನಿಮ್ಮ ಕೈಯಲ್ಲಿಲ್ಲ, ಆದರೆ ದಂಡೆಯ ಅಡಂಬು ಬಳ್ಳಿ, ರಾವಣನ ಮೀಸೆ ಕೀಳದಿರುವುದು ನಿಮ್ಮ ಕೈಯಲ್ಲೇ ಇದೆ. ಮರಳನ್ನು ಹಿಡಿದಿಡುವ ಗಿಡಗಳು ಅವು. ಅವು ಹೋದರೆ ಕಡಲ್ಕೊರೆತ, ಕೊರೆತಕ್ಕೆ ಕಲ್ಲಿನ ಗೋಡೆ, ಗೋಡೆ ಬಂದಲ್ಲಿ ಆಮೆಗೆ ಮೆಟ್ಟಲು ನೆಲವೇ ಇಲ್ಲ.

ಆಮೆ ಉಳಿಸುವವರೆಂದರೆ ಊರ ಹೊರಗಿನಿಂದ ಬಂದ ತಿಳಿದವರು ಮಾತ್ರ ಎಂದುಕೊಳ್ಳಬೇಡಿ. ನಸುಕಿನಲ್ಲಿ ದೋಣಿ ಇಳಿಸಲು ಹೋಗುವ ಖಾರ್ವಿ, ಮೊಗೇರ, ಹರಿಕಂತ್ರ, ಅಂಬಿಗರ ಕಣ್ಣಿಗೇ ಗೂಡಿನ ಜಾಡು ಮೊದಲು ಬೀಳುವುದು. ಅವರು ಹೇಳಿದರೆ ಇಲಾಖೆಗೆ ತಿಳಿಯುತ್ತದೆ, ಇಲ್ಲವಾದರೆ ಇಲ್ಲ. ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಬೀದಿಗೆ ಇಳಿದವರೂ ಇದೇ ಜನ. ಒಣಮೀನು ಹರಡುವ ಮರಳು ಮತ್ತು ಆಮೆ ಮೊಟ್ಟೆ ಇಡುವ ಮರಳು ಅಲ್ಲಿ ಬೇರೆಬೇರೆಯಲ್ಲ. ಆಮೆಯ ಹೆಸರು ಹೇಳಿ ಮೀನುಗಾರರನ್ನು ದಂಡೆಯಿಂದ ದೂರ ಇಡಬೇಕು ಎನ್ನುವವರ ಮಾತಿಗೆ ತಲೆದೂಗಬೇಡಿ. ಹಾಗೆಂದು ಬಲೆಯಿಂದ ಆಗುವ ಸಾವನ್ನು ಮುಚ್ಚಿಡುವುದೂ ಸರಿಯಲ್ಲ. ಆಮೆ ಗಾಳಿ ಉಸಿರಾಡುವ ಪ್ರಾಣಿ, ಟ್ರಾಲ್ ಬಲೆಯೊಳಗೆ ಮೇಲೆ ಬರಲಾಗದೆ ಸಿಕ್ಕಿಕೊಂಡರೆ ಮುಳುಗಿ ಸಾಯುತ್ತದೆ. ಸಿಕ್ಕಿದ ಆಮೆ ತಪ್ಪಿಸಿಕೊಳ್ಳಲು ಬಲೆಯಲ್ಲೇ ಕಂಡಿ ಬಿಡುವ ಸಲಕರಣೆಯನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ. ಅದನ್ನು ನಮ್ಮ ದೇಶದ ಬೋಟುಗಳು ಸರಿಯಾಗಿ ಅಳವಡಿಸಿಲ್ಲವೆಂದು ಅಮೆರಿಕ ನಮ್ಮ ಕಡಲ ಸೀಗಡಿಯ ಆಮದನ್ನೇ ನಿಲ್ಲಿಸಿತು, ನಷ್ಟ ನಮ್ಮವರದೇ. ನಿಮ್ಮಲ್ಲಿ ಬೋಟಿಗೆ ಹೋಗುವ ಹುಡುಗರಿದ್ದೀರಿ, ನೆನಪಿಟ್ಟುಕೊಳ್ಳಿ: ಬಲೆಯಲ್ಲಿ ಬಂದ ಆಮೆ ಅಲ್ಲಾಡದಿದ್ದರೆ ಸತ್ತಿತೆಂದು ಎಸೆಯಬೇಡಿ. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಅರ್ಧ ಅಡಿ ಎತ್ತರಿಸಿ, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿಡಿ. ಕೆಲವು ತಾಸಿನ ಮೇಲೂ ಚೇತರಿಸಿಕೊಂಡು ಉಸಿರಾಡುವುದುಂಟು.

ಇದು ನಮ್ಮೂರಿನ ಆಮೆ ಎಂದು ನಾವು ಹೇಳುತ್ತೇವೆ, ಆದರೆ ಅದಕ್ಕೆ ಊರು ತುಂಬಾ ದೊಡ್ಡದು. 2021ರಲ್ಲಿ ಗಹಿರ್‌ಮಠದಲ್ಲಿ ಗುರುತುಪಟ್ಟಿ ಹಾಕಿದ ಒಂದು ತಾಯಿ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದ ದಡದಲ್ಲಿ ಮೊಟ್ಟೆ ಇಟ್ಟಿತು. ಬಂಗಾಳ ಕೊಲ್ಲಿಯಿಂದ ದಕ್ಷಿಣ ಸುತ್ತಿ ಸಾವಿರಾರು ಕಿಲೋಮೀಟರ್ ಬಂದದ್ದು, ನಮ್ಮ ನೇತ್ರಾಣಿ ದ್ವೀಪದ ಆಚೆಯ ನೀರನ್ನು ದಾಟಿಯೇ ಹೋಗಿರಬೇಕು. ಅದೇ ಮಹಾರಾಷ್ಟ್ರದ ವೇಳಾಸ್ ಎಂಬ ಸಣ್ಣ ಹಳ್ಳಿಯವರು ಮರಿಗಳು ಕಡಲಿಗೆ ಇಳಿಯುವ ದಿನಗಳಲ್ಲಿ ಆಮೆ ಉತ್ಸವ ನಡೆಸುತ್ತಾರೆ. ನೋಡಲು ಬಂದವರು ಊರವರ ಮನೆಗಳಲ್ಲೇ ಉಳಿದು, ಅವರ ಮನೆಯ ಅಡುಗೆ ಉಂಡು, ಹಗ್ಗದ ಆಚೆ ನಿಂತು ನೋಡಿ ಹೋಗುತ್ತಾರೆ. ಹತ್ತಿರದ ಕುಂದಾಪುರದ ಕೋಡಿಯಲ್ಲೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಇದು ನಮ್ಮಿಂದಲೂ ಆಗುವ ಕೆಲಸ, ಆಗಬೇಕಾದ ಕೆಲಸ.

ಹಾಗಾದರೆ ರಜೆಯಲ್ಲಿ ಮಾಡುವುದೇನು ಎಂದು ಕೇಳುತ್ತೀರಿ. ಬೆಳಕು ಹರಿಯುವ ಮೊದಲು ಎದ್ದು ದೊಡ್ಡವರೊಬ್ಬರ ಜೊತೆ ದಂಡೆ ನಡೆಯಿರಿ. ನೀರಿನಿಂದ ಏರಿ ಮತ್ತೆ ನೀರಿಗೆ ಇಳಿದ, ಎರಡೂವರೆ ಅಡಿಯಷ್ಟು ಅಗಲದ ಜಾಡು ಕಂಡರೆ ಬಗ್ಗಿ ನೋಡಿ: ಎಡಗಾಲಿನ ಗುರುತು ಮುಂದೆ, ಬಲಗಾಲಿನದು ಹಿಂದೆ, ಹೀಗೆ ಓರೆಯಾಗಿ ಬಿದ್ದಿದ್ದರೆ ರಿಡ್ಲೆ. ಎರಡೂ ಸರಿಸಮವಾಗಿದ್ದರೆ ಅಪರೂಪದ ಹಸಿರು ಆಮೆ. ಬಿಸಿಲೇರಿದರೆ ಶರಾವತಿಯ ಕಾಂಡ್ಲಾ ಕಾಡಿನ ನಡುವಿನ ಮರದ ಹಾದಿಗೆ ಹೋಗಿ, ಬೇರುಗಳ ನಡುವೆ ಏಡಿ, ಮೀನಿನ ಮರಿ ನೋಡುತ್ತ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ದಡಕ್ಕೆ ಬಂದು ಬಿದ್ದ ತುಂಡು ಬಲೆ, ನೈಲಾನ್ ಹಗ್ಗ, ಪ್ಲಾಸ್ಟಿಕ್ ಚೀಲ ಹೆಕ್ಕಿ. ಆಮೆ ತಿನ್ನುವ ಅಂಬಲಿ ಮೀನು (ಜೆಲ್ಲಿ ಫಿಶ್) ನೀರಿನಲ್ಲಿ ತೇಲುವ ಚೀಲದ ಹಾಗೆಯೇ ಕಾಣುತ್ತದೆ. ಅಳಿವೆಯ ಬಾಯಲ್ಲಿ ಮಾತ್ರ ಈಜಬೇಡಿ. ಹೊಳೆಯ ಸೆಳೆತ, ಕಡಲಿನ ಅಲೆ ಒಂದಕ್ಕೊಂದು ತಾಗುವ ಜಾಗ ಅದು, ಅನುಭವಿ ಬೋಟಿನವರೇ ಅಲ್ಲಿ ಹೆದರುತ್ತಾರೆ. ಬೇರೆ ಕಡೆಯ ಕಡಲಿನಲ್ಲೂ ಎಚ್ಚರ ಬೇಕು: 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ಹುಡುಗಿಯರನ್ನು ಕಡಲು ಎಳೆದುಕೊಂಡದ್ದು ನಿಮಗೆ ಗೊತ್ತಿದೆ. ನೆಂಟರ ಮಕ್ಕಳಿಗೆ ಈ ಮಾತನ್ನು ನೀವೇ ಹೇಳಬೇಕು, ನಾವು ಹೇಳಿದರೆ ಕೇಳುವುದಿಲ್ಲ.

ಗೂಡು ಕಂಡರೆ, ಗಾಯವಾದ ಆಮೆ ಕಂಡರೆ, ಮುಟ್ಟದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ನಾಯಿಗಳು ಹತ್ತಿರ ಸುಳಿಯದಂತೆ ಹತ್ತು ಮಾರು ದೂರದಲ್ಲಿ ಇಬ್ಬರು ನಿಂತಿರಿ, ಜಾಗ ಯಾವುದೆಂದು ವಾಟ್ಸಾಪಿನಲ್ಲಿ ಹಾಕಬೇಡಿ.