ಭಾರ ಎತ್ತುವ ಕಾಲಿಗೆ ಯಾವ ಶೂ?

ಪ್ರಶ್ನೆ: ಕೆಲವು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಸ್ಕ್ವಾಟ್‌ನಲ್ಲಿ ಈಗ 80 ಕಿಲೋ ಎತ್ತುತ್ತೇನೆ. ಬೆಳಿಗ್ಗೆ ಓಡಲು ಕೊಂಡ ದಪ್ಪ ಸೋಲಿನ ಶೂವನ್ನೇ ಜಿಮ್‌ಗೂ ಹಾಕಿಕೊಳ್ಳುತ್ತೇನೆ. ‘ಅದನ್ನು ಬಿಚ್ಚಿಟ್ಟು ಬರಿಗಾಲಲ್ಲಿ ಎತ್ತು’ ಅಂತಾರೆ ನಮ್ಮ ಕೋಚ್. ಸ್ನೇಹಿತರು ಆನ್‌ಲೈನ್‌ನಲ್ಲಿ ಏಳೆಂಟು ಸಾವಿರದ ಲಿಫ್ಟಿಂಗ್ ಶೂ ತೋರಿಸುತ್ತಾರೆ. ಯಾರ ಮಾತು ಕೇಳಲಿ?
— ಓದುಗ ವಿದ್ಯಾರ್ಥಿ, ಬಿ.ಜಿ. ನಗರ, ನಾಗಮಂಗಲ ತಾಲ್ಲೂಕು

ಉತ್ತರ: ಕೋಚ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಸ್ನೇಹಿತರ ಸಲಹೆ ಸದ್ಯಕ್ಕೆ ಬೇಡ. ಓಟದ ಶೂವನ್ನಂತೂ ಇವತ್ತಿನಿಂದಲೇ ಬಾರ್‌ನಿಂದ ದೂರವಿಡಿ.

ಓಡುವಾಗ ಹೆಜ್ಜೆಹೆಜ್ಜೆಗೂ ನೆಲದ ಪೆಟ್ಟು ಕಾಲಿಗೆ ಬೀಳುತ್ತದೆ. ಅದನ್ನು ತಗ್ಗಿಸಲೆಂದೇ ಆ ಶೂವಿನ ಅಡಿಯಲ್ಲಿ ಮೆತ್ತನೆಯ ಫೋಮ್ ಇಟ್ಟಿರುತ್ತಾರೆ. ಭಾರ ಎತ್ತುವಾಗ ಆ ಮೆತ್ತೆಯೇ ತೊಂದರೆ. ನಿಮ್ಮ ತೂಕ 65 ಕಿಲೋ ಅಂತಿಟ್ಟುಕೊಳ್ಳಿ. 80 ಕಿಲೋ ಹೆಗಲ ಮೇಲೆ ಬಂದರೆ ಎರಡು ತುಂಡು ಫೋಮಿನ ಮೇಲೆ 145 ಕಿಲೋ ಕೂತಂತಾಯಿತು. ಹಾಸಿಗೆಯ ಮೇಲೆ ನಿಂತು ಮೂಟೆ ಹೊತ್ತ ಹಾಗೆ. ಫೋಮ್ ಎಲ್ಲ ಕಡೆ ಸಮನಾಗಿ ಕುಗ್ಗುವುದೂ ಇಲ್ಲ, ಸವೆದ ಕಡೆ ಹೆಚ್ಚು ಇಳಿಯುತ್ತದೆ. ಆಗ ಕಾಲಿನ ಹರಡು ಒಳಕ್ಕೆ ವಾಲುತ್ತದೆ, ಅದರ ಹಿಂದೆಯೇ ಮಂಡಿಯೂ ವಾಲುತ್ತದೆ. ಪರೀಕ್ಷೆ ಸುಲಭ: ಶೂ ಕೈಗೆ ತೆಗೆದುಕೊಂಡು ಹಿಮ್ಮಡಿಯ ಪಕ್ಕದ ಸೋಲನ್ನು ಹೆಬ್ಬೆರಳಿನಿಂದ ಜೋರಾಗಿ ಅಮುಕಿ. ಬೆರಳು ಒಳಗಿಳಿದರೆ ಆ ಶೂ ಓಟಕ್ಕೆ ಇರಲಿ.

ಬರಿಗಾಲು ನಮ್ಮ ಸೀಮೆಗೆ ಹೊಸದೇನಲ್ಲ. ಮೈಸೂರು, ಶ್ರೀರಂಗಪಟ್ಟಣದ ಕಡೆ ಇವತ್ತಿಗೂ ಗರಡಿಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಸ್ಕಿ ಹೊಡೆಯುವುದು, ಗದೆ ತಿರುಗಿಸುವುದು ಎಲ್ಲ ಬರಿಗಾಲಲ್ಲೇ. ಪೈಲ್ವಾನರಿಗೆ ಅದು ಮಟ್ಟಿಗೆ, ಅಂದರೆ ಗರಡಿಯ ಮಣ್ಣಿಗೆ, ಕೊಡುವ ಮರ್ಯಾದೆ. ಅದರಿಂದ ಇನ್ನೊಂದು ಲಾಭವೂ ಇದೆ: ಕಾಲಿನ ಬೆರಳುಗಳು ಅಗಲವಾಗಿ ಹರಡಿ ನೆಲವನ್ನು ಹಿಡಿಯುತ್ತವೆ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ — ಈ ಮೂರೂ ಕಡೆ ಭಾರ ಹಂಚಿದೆಯೋ ಇಲ್ಲವೋ ಎಂಬುದು ಬರಿಗಾಲಿಗೆ ತಿಳಿದಷ್ಟು ಚೆನ್ನಾಗಿ ಶೂ ಹಾಕಿದ ಕಾಲಿಗೆ ತಿಳಿಯುವುದಿಲ್ಲ.

ಹಾಗಿದ್ದರೂ ಮುಕ್ಕಾಲು ಪಾಲು ಅಂದದ್ದು ಯಾಕೆಂದರೆ, ಗರಡಿಯ ಮಣ್ಣು ಕಲ್ಲು ಆರಿಸಿ ಹದ ಮಾಡಿದ್ದು, ಜಿಮ್‌ನ ನೆಲ ಹಾಗಲ್ಲ. ನಮ್ಮ ಊರುಗಳ ಎಷ್ಟೋ ಜಿಮ್‌ಗಳಲ್ಲಿ ಟೈಲ್ಸ್ ಮೇಲೆ ಅಲ್ಲೊಂದು ಇಲ್ಲೊಂದು ರಬ್ಬರ್ ಮ್ಯಾಟ್ ಹಾಸಿರುತ್ತಾರೆ. ಬೆವರು ಬಿದ್ದ ಟೈಲ್ಸ್ ಮೇಲೆ ಬರೀ ಕಾಲುಚೀಲದಲ್ಲಿ ನಿಂತು ಬಾರ್ ಹೊರುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಹತ್ತಾರು ಜನ ಓಡಾಡುವ ಮ್ಯಾಟಿನಿಂದ ಕಾಲಿಗೆ ಹುಳುಕಡ್ಡಿ ಅಂಟುವುದೂ ಉಂಟು. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಯಾರಾದರೂ ವ್ಯಾಯಾಮ ಶುರು ಮಾಡಿದ್ದರೆ ಅವರಿಗಂತೂ ಬರಿಗಾಲು ಬೇಡವೇ ಬೇಡ. ಪಾದದ ಸ್ಪರ್ಶ ಮಂದವಾಗಿದ್ದರೆ ಗಾಯವಾದದ್ದೂ ಗೊತ್ತಾಗುವುದಿಲ್ಲ.

ಇನ್ನು ಏಳೆಂಟು ಸಾವಿರದ ಶೂ. ಅದು ಶೋಕಿಯ ವಸ್ತುವಲ್ಲ. ವೇಟ್‌ಲಿಫ್ಟರ್ ಒಬ್ಬರ ಉದಾಹರಣೆ ನೋಡಿ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಮೊದಲು ಆಸೆಪಟ್ಟದ್ದು ಕುಸ್ತಿಗೆ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್ ಕಡೆ ತಿರುಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಅವರೇ: 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್ 111, ಕ್ಲೀನ್ ಅಂಡ್ ಜರ್ಕ್ 138, ಒಟ್ಟು 249 ಕಿಲೋ, ಬೆಳ್ಳಿ. ಸ್ನ್ಯಾಚ್‌ನಲ್ಲಿ ತಮ್ಮ ತೂಕದ ಸುಮಾರು ಎರಡರಷ್ಟನ್ನು ತಲೆಯ ಮೇಲೆ ಹಿಡಿದು, ಪೃಷ್ಠ ಹಿಮ್ಮಡಿಗೆ ತಾಗುವಷ್ಟು ಕೆಳಗೆ ಕೂತು, ಅಲ್ಲಿಂದ ಎದ್ದು ನಿಲ್ಲಬೇಕು. ಆ ಆಳದಲ್ಲಿ ಎದೆ ಮುಂದಕ್ಕೆ ಬಾಗಿದರೆ ಬಾರ್ ಕೈ ತಪ್ಪಿತೆಂದೇ ಲೆಕ್ಕ. ಅದಕ್ಕೇ ಲಿಫ್ಟಿಂಗ್ ಶೂವಿನ ಹಿಮ್ಮಡಿಯನ್ನು ಸುಮಾರು ಎರಡು ಸೆಂಟಿಮೀಟರ್ ಎತ್ತರಿಸಿರುತ್ತಾರೆ. ಹಿಂದೆ ಅದು ಮರದ್ದು, ಈಗ ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್. ಹಿಮ್ಮಡಿ ಎತ್ತರವಾದರೆ ಮಂಡಿ ಸಲೀಸಾಗಿ ಮುಂದೆ ಹೋಗುತ್ತದೆ, ಬೆನ್ನು ನೆಟ್ಟಗಿರುತ್ತದೆ.

ಆ ಎತ್ತರ ನಿಮಗೆ ಬೇಕೋ ಬೇಡವೋ? ಬರಿಗಾಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿ. ಹೊಲದ ಬದುವಿನ ಮೇಲೆ ಹಿರಿಯರು ಕೂರುತ್ತಾರಲ್ಲ, ಹಾಗೆ. ಹಿಮ್ಮಡಿ ನೆಲ ಬಿಡದೆ ಒಂದೆರಡು ನಿಮಿಷ ಆರಾಮಾಗಿ ಕೂರಲು ಬಂದರೆ ನಿಮ್ಮ ಹರಡು ಸಾಕಷ್ಟು ಬಾಗುತ್ತದೆ, ದುಡ್ಡು ಉಳಿಯಿತು. ಹಿಮ್ಮಡಿ ಮೇಲೆದ್ದರೆ, ಇಲ್ಲವೇ ಹಿಂದಕ್ಕೆ ಬಿದ್ದರೆ, ಮೊದಲು ದಿನವೂ ಹರಡನ್ನು ಬಾಗಿಸಿ ಸಡಿಲ ಮಾಡಿಕೊಳ್ಳಿ. ಎರಡು ಮೂರು ತಿಂಗಳಾದರೂ ಬಗ್ಗದೆ ಹೋದರೆ ಆಗ ಆ ಶೂ ಕೊಂಡರೆ ತಪ್ಪಿಲ್ಲ. ಬೆಂಚು, ಕುರ್ಚಿ, ಕಮೋಡು ಬಂದ ಮೇಲೆ ಹುಡುಗರಿಗಿಂತ ಅಜ್ಜಂದಿರೇ ಚೆನ್ನಾಗಿ ಕೂರುತ್ತಾರೆ ಅನ್ನುವುದು ಬೇರೆ ಮಾತು.

ಡೆಡ್‌ಲಿಫ್ಟ್‌ಗೆ ಮಾತ್ರ ಎತ್ತರದ ಹಿಮ್ಮಡಿ ಬೇಡ. ಬಾರ್ ನೆಲದಲ್ಲೇ ಇರುತ್ತದೆ. ನೀವು ಎತ್ತರವಾದಷ್ಟೂ ಎಳೆಯಬೇಕಾದ ದೂರ ಹೆಚ್ಚುತ್ತದೆ, ಮೈಭಾರವೂ ಮುಂಗಾಲಿಗೆ ಜಾರುತ್ತದೆ. ತೆಳ್ಳಗೆ, ಚಪ್ಪಟೆಯಾಗಿ, ಗಟ್ಟಿಯಾಗಿರುವ ಸೋಲು ಸಾಕು.

ಸ್ಕ್ವಾಟ್, ಡೆಡ್‌ಲಿಫ್ಟ್ ಎರಡಕ್ಕೂ ಹೊಂದುವುದು ಶಾಲೆಯ ಪಿ.ಟಿ. ಪೀರಿಯಡ್‌ಗೆ ಹಾಕುತ್ತಿದ್ದ ಲೇಸಿನ ಕ್ಯಾನ್ವಾಸ್ ಶೂ. ಕೆಲವು ನೂರು ರೂಪಾಯಿಗೆ ನಾಗಮಂಗಲದಲ್ಲೂ ಪಾಂಡವಪುರದಲ್ಲೂ ಸಿಗುತ್ತದೆ. ಒಳಗೆ ಸ್ಪಂಜಿನ ಹಾಸು ಇದ್ದರೆ ಕಿತ್ತುಹಾಕಿ. ಅಗಲ ನೋಡಿ ಕೊಳ್ಳಿ: ಒಂದು ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆದು, ಶೂವನ್ನು ಆ ಗೆರೆಯ ಮೇಲೆ ಇಟ್ಟು ನೋಡಿ. ಗೆರೆ ಶೂವಿನ ಆಚೆ ಕಾಣಿಸಿದರೆ ಬೆರಳುಗಳು ಇರುಕಿಕೊಳ್ಳುತ್ತವೆ. ಲೇಸು ಬಿಗಿದ ಮೇಲೆ ಹಿಮ್ಮಡಿ ಒಳಗೆ ಅಲುಗಬಾರದು. ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನದ ಕೊನೆಗೆ ಪಾದ ಕೊಂಚ ಊದಿರುತ್ತದೆ. ಹವಾಯಿ ಚಪ್ಪಲಿಯಲ್ಲಿ ಬಾರ್ ಮುಟ್ಟಬೇಡಿ. ಒಂದು ಮಾತು ನೆನಪಿರಲಿ: 20 ಕಿಲೋ ಪ್ಲೇಟ್ ಕಾಲ ಮೇಲೆ ಬಿದ್ದರೆ ಬರಿಗಾಲೂ ಒಂದೇ, ಕ್ಯಾನ್ವಾಸೂ ಒಂದೇ. ಪ್ಲೇಟ್ ಜಾರದಂತೆ ಬಾರ್‌ನ ಎರಡೂ ತುದಿಗೆ ಕ್ಲಿಪ್ ಹಾಕಿಯೇ ಎತ್ತಿ.

ಮುಂದೆಂದಾದರೂ ಸ್ಪರ್ಧೆಗೆ ಇಳಿಯುವ ಮನಸ್ಸಿದ್ದರೆ ಈಗಿನಿಂದಲೇ ಶೂ ಹಾಕಿ ಅಭ್ಯಾಸ ಮಾಡಿ. ವೇಟ್‌ಲಿಫ್ಟಿಂಗ್ ಆಗಲಿ ಪವರ್‌ಲಿಫ್ಟಿಂಗ್ ಆಗಲಿ, ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬರಿಗಾಲಲ್ಲಿ ವೇದಿಕೆ ಹತ್ತುವಂತಿಲ್ಲ.