ಹತ್ತಿರದ ಗಿರಾಕಿಗೆ ಕಾಣಿಸಬೇಕೆಂದರೆ: ಕೋರಾಡಿಯ ಪಾಠಗಳು

ನಾಗಪುರದ ಉತ್ತರಕ್ಕಿರುವ ಕೋರಾಡಿಗೆ ಮಹಾಲಕ್ಷ್ಮಿ ಜಗದಂಬೆಯ ದರ್ಶನಕ್ಕೆಂದು ಭಕ್ತರು ಬರುತ್ತಾರೆ, ಉಷ್ಣ ವಿದ್ಯುತ್ ಸ್ಥಾವರದ ಕೆಲಸಕ್ಕೆಂದು ಕಾರ್ಮಿಕರು ಬರುತ್ತಾರೆ. ಇಲ್ಲಿನ ಸಣ್ಣ ವ್ಯಾಪಾರಿಗಳ ಗೂಗಲ್ ಬಿಸಿನೆಸ್ ಪ್ರೊಫೈಲ್ (ಹುಡುಕಿದಾಗ ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ) ನೋಡಿಕೊಳ್ಳುತ್ತಾ ನಾನು ಕಲಿತದ್ದು ಇಷ್ಟು.

1. ಗಿರಾಕಿ ಯಾರೆಂದು ಮೊದಲು ತಿಳಿಯಿರಿ. ದರ್ಶನ ಮುಗಿಸಿದ ಕುಟುಂಬಕ್ಕೆ ಈಗ ತೆರೆದಿರುವ ಹೋಟೆಲು ಬೇಕು. ಸ್ಥಾವರದ ದುರಸ್ತಿಗೆ ಬಂದ ಫಿಟ್ಟರ್‌ಗೆ ತಿಂಗಳ ಲೆಕ್ಕದ ಊಟ ಬೇಕು. ಒಂದೇ ಹೋಟೆಲು ಇಬ್ಬರಿಗೂ ಬಡಿಸಬಹುದು. ಆದರೆ ತಿಂಗಳ ಡಬ್ಬಿ ಉಂಟೆಂದು ಪ್ರೊಫೈಲಿನಲ್ಲಿ ಬರೆಯದಿದ್ದರೆ ಫಿಟ್ಟರ್‌ಗೆ ಗೊತ್ತಾಗುವುದು ಹೇಗೆ? ಮರಾಠಿ, ಹಿಂದಿ ಎರಡರಲ್ಲೂ ಬರೆಯಿರಿ.

2. ದೂರವನ್ನು ಯಾರೂ ಅಳಿಸಲಾರರು. ಹುಡುಕಿದ್ದಕ್ಕೆ ಹೊಂದಿಕೆ, ದೂರ, ಹೆಸರುವಾಸಿ ಈ ಮೂರನ್ನು ನೋಡಿ ಸಾಲು ಹಚ್ಚುತ್ತೇವೆ ಎಂದು ಗೂಗಲ್ಲೇ ಹೇಳುತ್ತದೆ. ನಾಗಪುರ ನಗರದ ಸೀತಾಬರ್ಡಿಯಲ್ಲಿ ನಿಂತು ಚಹಾ ಹುಡುಕುವವನಿಗೆ ಕೋರಾಡಿಯ ಅಂಗಡಿಯನ್ನೇ ಮೊದಲು ತೋರಿಸುತ್ತೇನೆ ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಅಂಥವರು ಮೊದಲು ಕೈಹಾಕುವುದೇ ಹೆಸರಿಗೆ: ‘ನಾಗಪುರದ ಬೆಸ್ಟ್’ ಎಂದು ಅಂಟಿಸುತ್ತಾರೆ. ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ಬೋರ್ಡಿನ ಮೇಲಿರುವ ಹೆಸರೇ ಅಲ್ಲಿಯೂ ಇರಲಿ. ದೂರ ನಿಮ್ಮ ಕೈಯಲ್ಲಿಲ್ಲದಿದ್ದರೂ ಹೊಂದಿಕೆ ನಿಮ್ಮ ಕೈಯಲ್ಲಿದೆ. ಮುಖ್ಯ ವರ್ಗವನ್ನು ಬರಿಯ ‘ಅಂಗಡಿ’ ಎಂದಿಡದೆ ‘ಸಿಹಿತಿಂಡಿ ಅಂಗಡಿ’ ಎಂದು ನಿಖರವಾಗಿ ಆರಿಸಿ.

3. ಮ್ಯಾಪಿನ ಪಿನ್ ಅಂಗಡಿಯ ಬಾಗಿಲ ಮೇಲೆಯೇ ಇರಬೇಕು. ಹೆದ್ದಾರಿಯ ಆಚೆ ಬದಿಗೆ ಬಿದ್ದರೆ ಕಾರಿನಲ್ಲಿ ಬಂದವರು ತಿರುಗಿ ಬರುವ ಗೋಜಿಗೆ ಹೋಗುವುದಿಲ್ಲ.

4. ಚೈತ್ರ ಮತ್ತು ಆಶ್ವಯುಜದ ನವರಾತ್ರಿಗೆ ಮುಂಚೆಯೇ ‘ವಿಶೇಷ ಸಮಯ’ ತುಂಬಿಡಿ. ಎಂದಿನ ವೇಳೆಯನ್ನೇ ಹಾಗೇ ಉಳಿಸಿದರೆ, ರಾತ್ರಿ ಒಲೆ ಉರಿಯುತ್ತಿರುವಾಗಲೂ ಮ್ಯಾಪಿನಲ್ಲಿ ‘ಮುಚ್ಚಿದೆ’ ಎಂದೇ ಕಾಣುತ್ತದೆ. ನನ್ನ ಮಟ್ಟಿಗೆ ವರ್ಷದ ಅತ್ಯಂತ ಬೆಲೆಯುಳ್ಳ ಐದು ನಿಮಿಷದ ಕೆಲಸ ಇದು.

5. ವಿಮರ್ಶೆಯನ್ನು ಊಟ ಮುಗಿದು ಗಿರಾಕಿ ಸಂತೋಷದಲ್ಲಿರುವಾಗ ಕೇಳಿ. ರಿಯಾಯಿತಿಯ ಆಸೆ ತೋರಿಸಬೇಡಿ, ಅದಕ್ಕೆ ಅನುಮತಿಯಿಲ್ಲ. ದೂರು ಬಂದರೆ ಬರೆದವರ ಭಾಷೆಯಲ್ಲೇ, ಅದೇ ದಿನ ಉತ್ತರಿಸಿ.

6. ಗೂಗಲ್ ಕೊಟ್ಟದ್ದೆಲ್ಲ ಉಳಿಯುವುದಿಲ್ಲ. ಪ್ರೊಫೈಲಿನ ಜೊತೆ ಪುಕ್ಕಟೆ ಸಿಗುತ್ತಿದ್ದ ವೆಬ್‌ಸೈಟುಗಳು 2024ರ ಮಾರ್ಚಿನಲ್ಲಿ ನಿಂತವು, ಜುಲೈ ಕೊನೆಗೆ ಚಾಟ್ ಕೂಡ ಹೋಯಿತು. ಖಾಯಂ ಗಿರಾಕಿಗಳ ನಂಬರು ನಿಮ್ಮ ವಹಿಯಲ್ಲೂ ಇರಲಿ.

7. ಅಂಗಡಿಯೇ ಇಲ್ಲದ ಎಲೆಕ್ಟ್ರಿಷಿಯನ್, ಪ್ಲಂಬರ್ ಮನೆ ವಿಳಾಸ ಮರೆಮಾಡಿ ಸೇವಾ ಪ್ರದೇಶ ನಮೂದಿಸಬಹುದು. 20ರವರೆಗೆ ಅವಕಾಶವಿದೆ, ನಾನು ಕೋರಾಡಿ, ಮಹಾದುಲಾ, ಕಾಮಠಿ, ಖಾಪರಖೇಡಾ ಬರೆಸಿ ನಿಲ್ಲಿಸುತ್ತೇನೆ. ಕರೆ ಬಂದ ಗಂಟೆಯೊಳಗೆ ಬೈಕಿನಲ್ಲಿ ತಲುಪಬಹುದಾದ ಊರುಗಳು ಅವೇ.