ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಸ್ಕೂಬಾ ಡೈವಿಂಗ್

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಸ್ಕೂಬಾ ಡೈವಿಂಗ್‌ನಲ್ಲಿ ಅತಿ ಕಷ್ಟದ ಘಳಿಗೆ ಬರುವುದು ದೋಣಿಯ ಏಣಿ ಹತ್ತುವಾಗ. ನೀರೊಳಗೆ ಸಲಕರಣೆಗಳ ತೂಕ ತಿಳಿಯುವುದಿಲ್ಲ. ಮೇಲೆದ್ದ ಕೂಡಲೇ ಸಿಲಿಂಡರ್, ಜಾಕೆಟ್, ರೆಗ್ಯುಲೇಟರ್, ಸೀಸದ ಬೆಲ್ಟ್ ಸೇರಿ 20 ಕೆ.ಜಿ. ಮೀರಿದ ಭಾರ ಬೆನ್ನು, ಸೊಂಟಗಳ ಮೇಲೆ ಬೀಳುತ್ತದೆ. ಚಿಂತಾಮಣಿ ಮಾರುಕಟ್ಟೆಗೆ ಬರುವ ಟೊಮೆಟೊ ಕ್ರೇಟ್ ಸುಮಾರು 15 ಕೆ.ಜಿ. ತೂಗುತ್ತದೆ, ಅದನ್ನು ಬೆನ್ನಿಗೆ ಕಟ್ಟಿಕೊಂಡು ಓಲಾಡುವ ಏಣಿ ಹತ್ತುವುದಕ್ಕಿಂತಲೂ ಈ ಕೆಲಸ ಭಾರವಾದದ್ದು.

ಚರ್ಮದ ಹೊಲಿಗೆಯನ್ನು ಸಾಮಾನ್ಯವಾಗಿ ಎರಡು ವಾರದೊಳಗೆ ಬಿಚ್ಚುತ್ತಾರೆ. ಅದರಡಿಯ ಗಟ್ಟಿ ಪೊರೆ ಕೂಡಿಕೊಳ್ಳಲು ತಿಂಗಳುಗಳು ಬೇಕು. ಮೂರು ತಿಂಗಳಾದ ಮೇಲೂ ಅದಕ್ಕೆ ಮೊದಲಿನ ಬಲ ಪೂರ್ತಿ ಬಂದಿರುವುದಿಲ್ಲ. ಆದ್ದರಿಂದಲೇ ಹೊರಗೆ ಗಾಯ ಮಾಗಿದಂತೆ ಕಂಡರೂ ಭಾರ ಎತ್ತಲು ಸರ್ಜನ್‌ರ ಒಪ್ಪಿಗೆ ಬೇಕಾಗುತ್ತದೆ. ಸರಿಪಡಿಸದ ಹರ್ನಿಯಾ ಇದ್ದರೆ ಡೈವಿಂಗ್ ಸಲ್ಲದು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು ಇರುತ್ತದೆ. ಅಲ್ಲಿ ಕರುಳು ಸೇರಿದ ಗಾಳಿ ಮೇಲೇಳುವಾಗ ಇಮ್ಮಡಿ ಹಿಗ್ಗುತ್ತದೆ. ಹರ್ನಿಯಾದ ಸಂದಿಯಲ್ಲಿ ಸಿಕ್ಕಿಕೊಂಡ ಕರುಳಿಗೆ ಅದು ಪ್ರಾಣಾಪಾಯ ತರಬಲ್ಲದು.

ಇನ್ನು ನೀರಿಗಿಳಿಯುವುದು ಎಲ್ಲಿ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟದ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಜಿಲ್ಲೆಯ ಹಲವು ಕೆರೆಗಳಿಗೆ ಹೆಬ್ಬಾಳ–ನಾಗವಾರ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತದೆ. ಹೊಸ ಗಾಯವಿರುವವರು ಅದಕ್ಕಿಳಿಯಬಾರದು. ಈಜುಕೊಳದಲ್ಲಿ ಅಭ್ಯಾಸ ಮುಗಿಸಿ, ಮಳೆಗಾಲ ಕಳೆದ ಮೇಲೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗುವುದು ಈ ಭಾಗದವರಿಗೆ ಇರುವ ದಾರಿ.

ಈ ಲೇಖಕ ಹೊಕ್ಕುಳ ಬಳಿಯ ಹರ್ನಿಯಾಕ್ಕೆ ಜಾಲರಿ ಹಾಕಿಸಿಕೊಂಡು ಅಲ್ಲಿಗೆ ಹೋದದ್ದು ವೈದ್ಯರ ಲಿಖಿತ ಒಪ್ಪಿಗೆಯೊಂದಿಗೆ. ಆರೋಗ್ಯದ ಅರ್ಜಿಯಲ್ಲಿ ಶಸ್ತ್ರಚಿಕಿತ್ಸೆಯ ಪ್ರಶ್ನೆಗೆ "ಹೌದು" ಎಂದಿದ್ದನ್ನು ಕಂಡ ಗುಮಾಸ್ತ, "ಇಲ್ಲ ಅಂತ ಹಾಕ್ಬಿಡಿ ಸರ್, ಎಲ್ರೂ ಹಾಗೇ ಹಾಕೋದು" ಎಂದ. ಲೇಖಕ ಒಪ್ಪಲಿಲ್ಲ. ವೈದ್ಯರ ಪತ್ರ ಮೇಜಿನ ಮೇಲೆಯೇ ಉಳಿಯಿತು. ಸಿಲಿಂಡರನ್ನು ನೀರಿನಲ್ಲೇ ಕಳಚಿಕೊಳ್ಳಬೇಕೆಂದು ಅದರಲ್ಲಿದ್ದ ಕೋರಿಕೆ ದೋಣಿಯವರಿಗೆ ತಲುಪಲೇ ಇಲ್ಲ.

ನೀರೊಳಗೆ ಎಲ್ಲವೂ ಸುಗಮವಾಗಿತ್ತು. ಮೇಲೆ ಬಂದಾಗ ಅಲೆ ಎದ್ದಿತ್ತು. ಸಿಲಿಂಡರ್ ತೆಗೆದುಕೊಳ್ಳುವಂತೆ ಕೈ ಸನ್ನೆ ಮಾಡಿದರೂ ದೋಣಿಯ ಹುಡುಗ "ಹತ್ತಿ, ಹತ್ತಿ" ಎಂದು ಕೂಗುತ್ತಲೇ ಇದ್ದ. ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು. ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಾಗ ದೋಣಿ ಮೇಲಕ್ಕೆದ್ದು ಇಡೀ ಭಾರ ತೋಳು, ಹೊಟ್ಟೆಗಳ ಮೇಲೆ ಜಗ್ಗಿತು. ಹೊಕ್ಕುಳ ಕೆಳಗೆ ಚಳುಕು ಹೊಡೆದು ಉಸಿರು ಕಟ್ಟಿತು. ಜಾಲರಿ ಕಿತ್ತುಬಂದಿತೆಂಬ ಭಯದಲ್ಲಿ ಕೈ ಸಡಿಲಿ ಲೇಖಕ ನೀರಿಗೆ ಬಿದ್ದ. ಬಾಯಿಗೆ ಉಪ್ಪುನೀರು ನುಗ್ಗಿತು. ಏಣಿ ತಲೆಯ ಪಕ್ಕದಲ್ಲೇ ನೀರಿಗೆ ಬಡಿಯುತ್ತಿತ್ತು. ಜಾಕೆಟ್‌ಗೆ ಗಾಳಿ ತುಂಬಿ, ಬೆಲ್ಟ್ ಬಿಚ್ಚಿಬಿಟ್ಟು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ತೇಲಬೇಕಾಯಿತು. ನೀರಿನಲ್ಲಿದ್ದ ತರಬೇತುದಾರ ಬಂದು ಸಿಲಿಂಡರ್ ಕಳಚಿದ ಮೇಲೆಯೇ ದೋಣಿ ಹತ್ತಲು ಸಾಧ್ಯವಾದದ್ದು.

ಸ್ಕ್ಯಾನ್‌ನಲ್ಲಿ ಜಾಲರಿ ಸ್ವಸ್ಥಾನದಲ್ಲೇ ಇತ್ತು, ಸ್ನಾಯು ಉಳುಕಿತ್ತಷ್ಟೇ. ಆಪರೇಷನ್ ಆದವನು ನೀರಿಗೇ ಇಳಿಯಬಾರದಿತ್ತು ಎಂದು ಸೋದರಮಾವ ಇಂದಿಗೂ ಹೇಳುತ್ತಾರೆ. ನೀರು ಏನೂ ಮಾಡಲಿಲ್ಲ. ಓದದೆ ಬದಿಗಿಟ್ಟ ಪತ್ರದಿಂದ ಆದ ಅನಾಹುತ ಅದು.

ಡೈವಿಂಗ್ ನಂತರದ ಹೊಟ್ಟೆನೋವನ್ನು ಹಳೆಯ ಹೊಲಿಗೆಯದೆಂದು ತಳ್ಳಿಹಾಕುವಂತಿಲ್ಲ. ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳುವ ಡಿಕಂಪ್ರೆಷನ್ ಕಾಯಿಲೆಯಲ್ಲೂ ಹೊಟ್ಟೆ, ಸೊಂಟದ ಸುತ್ತ ನೋವು ಬರಬಹುದು. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲು ಹೇಳಬೇಕು. ಈ ಗುಳ್ಳೆಗಳ ವಿಷಯದಲ್ಲಿ ಊರಿಗೆ ಮರಳುವ ದಾರಿಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಘಟ್ಟ ಹತ್ತಿ ಬರುವ ಚಿಕ್ಕಬಳ್ಳಾಪುರ 900 ಮೀಟರ್‌ಗೂ ಎತ್ತರದಲ್ಲಿದೆ. ನಂದಿಬೆಟ್ಟದ ಎತ್ತರ 1,478 ಮೀಟರ್. ವಿಮಾನವೇರುವ ಮುನ್ನ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚಿದ್ದರೆ 18 ಗಂಟೆ ಕಾಯಬೇಕೆಂಬ ಸಲಹೆಯನ್ನು ಈ ಪ್ರಯಾಣದಲ್ಲೂ ಪಾಲಿಸುವುದು ಕ್ಷೇಮ.

ಡೈವಿಂಗ್‌ಗೆ ಮರಳುವವರು ಗಮನಿಸಬೇಕಾದವು ಕೆಲವೇ. ಸರ್ಜನ್‌ರಲ್ಲಿ "ಈಜಬಹುದೇ" ಎಂದಷ್ಟೇ ಕೇಳದೆ, 20 ಕೆ.ಜಿ. ಹೊತ್ತು ಏಣಿ ಹತ್ತಬಹುದೇ ಎಂದು ಕೇಳಬೇಕು. ಅರ್ಜಿಯಲ್ಲಿ ನಿಜವನ್ನೇ ಬರೆಯಬೇಕು. ಬೆಲ್ಟ್ ಗಾಯದ ಮೇಲೆ ಒತ್ತಿದರೆ ಸೀಸದ ತೂಕವನ್ನು ಜಾಕೆಟ್‌ನ ಜೇಬಿಗೆ ಹಾಕಿಸಬೇಕು. ಸಿಲಿಂಡರನ್ನು ನೀರಿನಲ್ಲೇ ಕಳಚಿಕೊಳ್ಳುವ ಏರ್ಪಾಡನ್ನು ತರಬೇತುದಾರರಿಗೂ ದೋಣಿಯವರಿಗೂ ಹೊರಡುವ ಮುನ್ನ ಖುದ್ದಾಗಿ ತಿಳಿಸಬೇಕು. ಅವರು ಒಪ್ಪದಿದ್ದರೆ ಆ ದೋಣಿ ಹತ್ತಬಾರದು.